ಕಾರನ್ನು ತಗ್ಗಿಸುವ ಮುನ್ನ ಚಕ್ರಕ್ಕೆ ಉಳಿಯುವ ಜಾಗ ಅಳೆಯಿರಿ

ನೆಲಕ್ಕೆ ಹತ್ತಿರವಾಗಿ ನಿಂತ ಕಾರಿಗೆ ಒಂದು ಚೆಲುವಿದೆ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವಿನ ಖಾಲಿ ಜಾಗ ಕಿರಿದಾದರೆ ಸಾಕು, ಅದೇ ಕಾರು ಓಟಕ್ಕೆ ಸಜ್ಜಾದಂತೆ ಕಾಣುತ್ತದೆ. ತೂಕದ ಕೇಂದ್ರ ಕೆಳಗಿಳಿಯುವುದರಿಂದ ತಿರುವಿನಲ್ಲಿ ಹೊರಬದಿಯ ಚಕ್ರಗಳತ್ತ ಸರಿಯುವ ಹೊರೆಯೂ ಕೊಂಚ ಕಡಿಮೆಯಾಗುತ್ತದೆ. ಈ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ‘ಎಷ್ಟು ಇಳಿಸಬಹುದು?’ ಎಂದು ಕೇಳುವವರೇ ಹೆಚ್ಚು; ‘ಇಳಿಸಿದ ಮೇಲೆ ಚಕ್ರ ಮೇಲೇರಲು ಎಷ್ಟು ಜಾಗ ಉಳಿಯುತ್ತದೆ?’ ಎಂದು ಕೇಳುವವರು ವಿರಳ. ಕೆಲಸ ಸರಿಹೋಗುವುದೂ ಕೆಡುವುದೂ ಈ ಎರಡನೆಯ ಪ್ರಶ್ನೆಯಲ್ಲಿಯೇ.

ಉಬ್ಬು ಎದುರಾದಾಗ ಸ್ಪ್ರಿಂಗ್ ಕುಗ್ಗುತ್ತದೆ, ಶಾಕ್ ಅಬ್ಸಾರ್ಬರಿನ ದಂಡ ಒಳಗೆ ಜಾರುತ್ತದೆ. ಆ ಚಲನೆಯ ಕೊನೆಯಲ್ಲಿ ಬಂಪ್ ಸ್ಟಾಪ್ ಎಂಬ ಮೆತ್ತನೆಯ ತುಂಡು ಕಾದಿರುತ್ತದೆ. ಕಾರು ನಿಂತಿರುವಾಗ ಅಲ್ಲಿಯವರೆಗೆ 70 ಮಿ.ಮೀ. ಜಾಗವಿದೆ ಎಂದುಕೊಳ್ಳಿ. 40 ಮಿ.ಮೀ. ತಗ್ಗಿಸಿದರೆ ಉಳಿಯುವುದು 30. ಮೊದಲಿನಷ್ಟೇ ದೊಡ್ಡ ಹೊಡೆತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತಡೆಯಬೇಕಾಗುತ್ತದೆ. ತಗ್ಗಿಸಲೆಂದೇ ತಯಾರಾದ ಸ್ಪ್ರಿಂಗ್‌ಗಳು ಮೂಲ ಸ್ಪ್ರಿಂಗ್‌ಗಿಂತ ಬಿರುಸಾಗಿರುವುದು ಈ ಕಾರಣಕ್ಕೆ.

ಮೊದಲು ಅಳತೆ

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಒಳಗಿನ ಸಾಮಾನು ಇಳಿಸಿ, ಟೈರ್‌ಗಳ ಗಾಳಿ ಸರಿಪಡಿಸಿಕೊಳ್ಳಿ. ಪ್ರತಿ ಚಕ್ರದ ನಡುಮಧ್ಯದಿಂದ ನೇರ ಮೇಲಿರುವ ಕಮಾನಿನ ಅಂಚಿನವರೆಗೆ ಅಳೆದು, ನಾಲ್ಕೂ ಅಂಕಿಗಳನ್ನು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಗಾಳಿಯೂ ಲೆಕ್ಕದಲ್ಲಿ ಸೇರಿಕೊಳ್ಳುತ್ತವೆ. ಚಕ್ರದ ಕೇಂದ್ರದಿಂದ ಅಳೆದರೆ ಆ ಗೊಂದಲವಿಲ್ಲ.

ಮುಂದಿನ ಅಳತೆಯನ್ನು ಬಹುತೇಕರು ಬಿಟ್ಟೇಬಿಡುತ್ತಾರೆ. ಶಾಕ್ ಅಬ್ಸಾರ್ಬರಿನ ದಂಡಕ್ಕೆ ಧೂಳಿನ ಗವಸು ಇದ್ದರೆ ಅದನ್ನು ಮೇಲೆತ್ತಿ, ದಂಡದ ಬುಡದಲ್ಲಿ ತೆಳುವಾದ ಪ್ಲಾಸ್ಟಿಕ್ ಟೈ ಒಂದನ್ನು ಸುತ್ತಿ ಬಿಗಿಯಿರಿ. ನಿತ್ಯ ಓಡಾಡುವ ರಸ್ತೆಯಲ್ಲಿಯೇ ನಾಲ್ಕೈದು ದಿನ ಓಡಿಸಿ. ಚಕ್ರ ಮೇಲೇರಿದಾಗಲೆಲ್ಲ ಆ ಟೈ ದಂಡದ ಮೇಲೆ ಸರಿದು, ಗರಿಷ್ಠ ಮಿತಿಯಲ್ಲಿ ನಿಂತಿರುತ್ತದೆ. ಬುಡದಿಂದ ಅದು ಸರಿದಿರುವ ದೂರವೇ ನಿಮ್ಮ ರಸ್ತೆ ಬೇಡುವ ಜಾಗ. ಅದು 45 ಮಿ.ಮೀ. ಎಂದು ಬಂದರೆ, 70ರಲ್ಲಿ 40 ಕಳೆಯುವ ಯೋಜನೆಯನ್ನು ಅಲ್ಲಿಗೇ ಕೈಬಿಡಬೇಕು. 25ರಿಂದ 30 ಮಿ.ಮೀ. ಇಳಿಕೆ ಕಣ್ಣಿಗೂ ಕಾಣುತ್ತದೆ, ಕಾರೂ ಸಹಿಸಿಕೊಳ್ಳುತ್ತದೆ ಎಂಬುದು ನನ್ನ ಅನುಭವ.

ಕತ್ತರಿಸುವುದೋ, ಬದಲಿಸುವುದೋ

ಇರುವ ಸ್ಪ್ರಿಂಗನ್ನೇ ಕತ್ತರಿಸುವುದು ಹಳೆಯ ಉಪಾಯ. ಅದರ ಲೆಕ್ಕ ತಿಳಿದರೆ ಅಪಾಯವೂ ತಿಳಿಯುತ್ತದೆ. ಸಮನಾಗಿ ಸುತ್ತಿದ ಒಂದು ಸ್ಪ್ರಿಂಗ್ ಹೊರಗಿರುವಾಗ 360 ಮಿ.ಮೀ. ಉದ್ದ, ಅದರಲ್ಲಿ ಕೆಲಸ ಮಾಡುವ ಸುತ್ತುಗಳು 6, ಕಾರಿನ ಭಾರ ಬಿದ್ದಾಗ ಉದ್ದ 220 ಮಿ.ಮೀ. ಎಂದಿರಲಿ. ಒಂದು ಸುತ್ತು ತೆಗೆದರೆ ಕಾರು 60 ಮಿ.ಮೀ. ಇಳಿಯುತ್ತದೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ. ಆರು ಹೋಗಿ ಐದಾದಾಗ ಬಿರುಸು ಶೇ 20ರಷ್ಟು ಏರಿ, ಅದೇ ಭಾರಕ್ಕೆ ಅದು 140ರ ಬದಲು 117 ಮಿ.ಮೀ. ಮಾತ್ರ ಕುಗ್ಗುತ್ತದೆ. ಹೀಗಾಗಿ ನಿಜವಾದ ಇಳಿಕೆ ಸುಮಾರು 37 ಮಿ.ಮೀ. ಭಾರ ಹೊತ್ತ ಸ್ಪ್ರಿಂಗಿನ ಉದ್ದವನ್ನು ಸುತ್ತುಗಳಿಂದ ಭಾಗಿಸಿದರೂ ಇದೇ ಉತ್ತರ ಬರುತ್ತದೆ. ಈಗ ತಾಳೆ ನೋಡಿ: ಬಿರುಸು ಏರಿದ್ದು ಐದನೆಯ ಒಂದು ಪಾಲು, ಮೇಲೇರುವ ಜಾಗದಲ್ಲಿ ಕಳೆದುಹೋದದ್ದು 70ರಲ್ಲಿ 37. ಕತ್ತರಿಸಿದ ಸ್ಪ್ರಿಂಗ್ ಈ ನಷ್ಟವನ್ನು ತುಂಬಿಕೊಡಲಾರದು.

ಸ್ಪ್ರಿಂಗಿನ ತುದಿಯನ್ನೂ ಗಮನಿಸಬೇಕು. ಕೊನೆಯ ಸುತ್ತು ಒಳಕ್ಕೆ ಕಿರಿದಾಗಿದ್ದರೆ ಅಥವಾ ಕೂರಲು ಚಪ್ಪಟೆಯಾಗಿ ಮಡಿಚಿದ್ದರೆ ಅಲ್ಲಿ ಕತ್ತರಿ ಹಾಕಲೇಬಾರದು. ಉಳಿದ ತುದಿ ತನ್ನ ಪೀಠದಲ್ಲಿ ಕೂರುವುದಿಲ್ಲ. ಗ್ಯಾಸ್ ಜ್ವಾಲೆಯಿಂದ ಕತ್ತರಿಸುವುದಾಗಲಿ, ಕಾಯಿಸಿ ಕುಸಿಯುವಂತೆ ಮಾಡುವುದಾಗಲಿ ಇನ್ನೂ ಕೆಟ್ಟದ್ದು. ಸ್ಪ್ರಿಂಗ್ ಉಕ್ಕಿನ ಪುಟಿಯುವ ಗುಣ ಅದಕ್ಕೆ ಕೊಟ್ಟ ಹದದಿಂದ ಬಂದದ್ದು. ಬೆಂಕಿ ತಾಗಿದ ಕಡೆ ಆ ಹದ ಹೋಗಿ, ಸ್ಪ್ರಿಂಗ್ ಕ್ರಮೇಣ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಆದ್ದರಿಂದ ನಾನು ಸೂಚಿಸುವುದು ಒಂದೇ ದಾರಿ: ನಿಮ್ಮ ಕಾರಿನ ಮಾದರಿಗೂ ಎಂಜಿನ್ನಿಗೂ ಆಕ್ಸಲ್ ಭಾರಕ್ಕೂ ಹೊಂದುವಂತೆ ತಯಾರಾದ ಸ್ಪ್ರಿಂಗ್‌ಗಳನ್ನು ನಾಲ್ಕೂ ಕಡೆಗೆ ಒಟ್ಟಿಗೆ ತನ್ನಿ. ಹಳೆಯ ಶಾಕ್ ಅಬ್ಸಾರ್ಬರ್ ಬಿರುಸಾದ ಸ್ಪ್ರಿಂಗಿನ ಪುಟಿತವನ್ನು ಹಿಡಿದಿಡಲಾರದು. ಅದು ಸವೆದಿದ್ದರೆ ಜೊತೆಗೇ ಬದಲಿಸಿ. ಬಂಪ್ ಸ್ಟಾಪ್ ಎಷ್ಟು ಗಿಡ್ಡವಾಗಬೇಕೆಂದು ತಯಾರಕರು ಹೇಳಿರುತ್ತಾರೆ. ಅದನ್ನು ತೆಗೆದೇ ಹಾಕಬೇಡಿ. ಇಂಥ ಮಾರ್ಪಾಡಿಗೆ ನಿಮ್ಮಲ್ಲಿ ಅನುಮತಿ ಬೇಕೇ, ವಿಮೆಯವರಿಗೆ ತಿಳಿಸಬೇಕೇ ಎಂಬುದನ್ನು ಖರೀದಿಗೆ ಮೊದಲೇ ವಿಚಾರಿಸಿ.

ಮುಂಭಾಗದ ಕೆಲಸ

ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡೆ ಇಡಿ. ಮುಂಭಾಗವನ್ನು ಜಾಕ್‌ನಿಂದ ಎತ್ತಿ, ತಯಾರಕರು ಗುರುತಿಸಿದ ಜಾಗದಲ್ಲಿ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಕೈ ಹಾಕಬಾರದು.

ಹೆಚ್ಚಿನ ಕಾರುಗಳ ಮುಂಭಾಗದಲ್ಲಿರುವುದು ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನ ಸ್ಟ್ರಟ್. ಅದರಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬದಲ್ಲಿರುತ್ತವೆ. ಚಕ್ರ ಬಿಚ್ಚಿ. ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿಯನ್ನು ಸ್ಟ್ರಟ್‌ನ ಹಿಡಿಕೆಯಿಂದ ಬಿಡಿಸಿ, ಕಾರು ವಾಲುವುದನ್ನು ತಡೆಯುವ ಸರಳಿಗೆ ಜೋಡಿಸುವ ಸ್ಟೆಬಿಲೈಸರ್ ಲಿಂಕ್ ಕಳಚಿ. ಕೆಳಗಿನ ಎರಡು ಬೋಲ್ಟ್‌ಗಳನ್ನು ಬಿಚ್ಚುವ ಮುನ್ನ ಅವು ಕೂತಿದ್ದ ಜಾಗಕ್ಕೆ ಗೀರು ಹಾಕಿ ಗುರುತಿಡಿ. ಬಿಚ್ಚಿದ ಮೇಲೆ ಚಕ್ರದ ಹಬ್ ಹೊರಕ್ಕೆ ವಾಲದಂತೆ ತಂತಿಯಿಂದ ಕಟ್ಟಿರಬೇಕು. ಹಾಗೆಯೇ ಬಿಟ್ಟರೆ ಡ್ರೈವ್ ಶಾಫ್ಟಿನ ಒಳಗಿನ ಕೀಲು ಕಳಚಿಕೊಳ್ಳಬಹುದು, ಬ್ರೇಕ್ ಹೋಸ್ ಜಗ್ಗಬಹುದು. ಕೊನೆಗೆ ಮೇಲಿನ ಸಣ್ಣ ನಟ್‌ಗಳನ್ನು ಬಿಚ್ಚಿ ಸ್ಟ್ರಟ್ ಹೊರತೆಗೆಯಿರಿ. ನಡುವಿನ ದೊಡ್ಡ ನಟ್ ಮುಟ್ಟಬೇಡಿ. ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು ಅದೇ.

ಇನ್ನು ಸ್ಟ್ರಟ್‌ನಿಂದ ಹಳೆಯ ಸ್ಪ್ರಿಂಗ್ ಬಿಡಿಸಬೇಕು. ಇಡೀ ಕೆಲಸದಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲ ಹಂತ ಇದು. ಅದುಮಿದ ಸ್ಪ್ರಿಂಗ್‌ನಲ್ಲಿ ನೂರಾರು ಕಿಲೋ ತೂಕದಷ್ಟು ಒತ್ತಡ ಅಡಗಿರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಾದ ಸ್ಪ್ರಿಂಗ್ ಕಂಪ್ರೆಸರಿನ ಎರಡು ತಿರುಪುಗಳನ್ನು ಎದುರುಬದುರಾಗಿ ಕೂರಿಸಿ, ಕೊಕ್ಕೆಗಳು ಸುತ್ತನ್ನು ಪೂರ್ತಿ ಅಪ್ಪಿವೆಯೇ ನೋಡಿ, ಒಂದೊಂದು ಬದಿಗೂ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬನ್ನಿ. ಇಂಪ್ಯಾಕ್ಟ್ ಗನ್ ಬಳಸಬೇಡಿ. ಸ್ಪ್ರಿಂಗಿನ ತುದಿಗಳ ನೇರಕ್ಕೆ ಮುಖವಾಗಲಿ ಕೈಯಾಗಲಿ ಬರಬಾರದು. ಸ್ಪ್ರಿಂಗ್ ತನ್ನ ಪೀಠದಲ್ಲಿ ಸಡಿಲವಾಗಿ ಅಲುಗಾಡಿದ ಮೇಲಷ್ಟೇ ನಡುವಿನ ನಟ್ ಬಿಚ್ಚುವುದು. ಕೈಯಲ್ಲಿರುವ ಕಂಪ್ರೆಸರ್ ಬಗ್ಗೆ ಚೂರು ಅನುಮಾನವಿದ್ದರೂ ಸ್ಟ್ರಟ್‌ಗಳನ್ನು ವರ್ಕ್‌ಶಾಪಿಗೆ ಒಯ್ದು ಈ ಹಂತವನ್ನಷ್ಟೇ ಅಲ್ಲಿ ಮಾಡಿಸಿ.

ಹೊಸ ಸ್ಪ್ರಿಂಗ್ ಕೂರಿಸುವಾಗ ಅದರ ತುದಿ ಪೀಠದ ತಡೆಗೆ ತಾಗಿ ನಿಲ್ಲಬೇಕು. ರಬ್ಬರ್ ಪಟ್ಟಿಯನ್ನು ಮರೆಯಬೇಡಿ. ಮೇಲಿನ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ, ಒರಟಾಗಿದ್ದರೆ ಈಗಲೇ ಬದಲಿಸಿ. ಲಾಕ್ ನಟ್‌ಗಳು ಹೊಸವೇ ಆಗಿರಲಿ. ಬಿಗಿತ ಎಷ್ಟಿರಬೇಕೆಂದು ಕಾರಿನ ಸರ್ವಿಸ್ ಕೈಪಿಡಿ ನೋಡಿ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ.

ಹಿಂಭಾಗ

ಹಿಂದೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಬೇರೆ ಬೇರೆ ಇದ್ದರೆ ಕೆಲಸ ಹಗುರ. ಆಕ್ಸಲ್ ಬೀಮಿಗೆ ಜಾಕ್ ಆಸರೆ ಕೊಟ್ಟು, ಶಾಕ್ ಅಬ್ಸಾರ್ಬರಿನ ಕೆಳಬೋಲ್ಟ್ ಬಿಚ್ಚಿ, ಮೆಲ್ಲಗೆ ಇಳಿಸಿದರೆ ಹಲವು ಕಾರುಗಳಲ್ಲಿ ಸ್ಪ್ರಿಂಗ್ ಸಡಿಲಗೊಂಡು ಕೈಗೆ ಬರುತ್ತದೆ. ಜೋಡಿಸಿದ ಮೇಲೆ ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗಲೂ ಹೊಸ ಸ್ಪ್ರಿಂಗ್ ಎರಡೂ ಪೀಠಗಳ ನಡುವೆ ಬಿಗಿಯಾಗಿ ನಿಂತಿದೆಯೇ ಪರೀಕ್ಷಿಸಿ. ಗಿಡ್ಡ ಸ್ಪ್ರಿಂಗ್ ಅಲ್ಲಿ ಸಡಿಲವಾದರೆ, ಓಟದಲ್ಲಿ ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ಜಾಗ ತಪ್ಪಿ ಹೊರಬರಬಹುದು.

ಕೆಲವು ಕಾರುಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಬ್ರೇಕ್ ಒತ್ತಡದ ಕವಾಟಕ್ಕೂ ನಡುವೆ ಒಂದು ಸನ್ನೆಕೋಲು ಇರುತ್ತದೆ. ಹಿಂಭಾಗ ತಗ್ಗಿದರೆ ಕಾರಿನಲ್ಲಿ ಭಾರ ತುಂಬಿದೆ ಎಂದು ತಿಳಿದು ಅದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಕಾರನ್ನು ತಗ್ಗಿಸಿ ಅದನ್ನು ಹಾಗೆಯೇ ಬಿಟ್ಟರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲೇ ಬಿಗಿದು ಕಾರು ಅಡ್ಡ ತಿರುಗುವ ಅಪಾಯವಿದೆ. ನಿಮ್ಮ ಕಾರಿನಲ್ಲಿ ಅದಿದ್ದರೆ ಹೊಸ ಎತ್ತರಕ್ಕೆ ಹೊಂದಿಸಲೇಬೇಕು.

ನೆಲಕ್ಕಿಳಿಸಿದ ಮೇಲೆ

ರಬ್ಬರ್ ಬುಷ್ (ಕೀಲಿನೊಳಗಿನ ರಬ್ಬರ್ ತುಂಡು) ಇರುವ ಬೋಲ್ಟ್‌ಗಳನ್ನು ಚಕ್ರ ಜೋತುಬಿದ್ದಿರುವಾಗ ಕೊನೆಯ ಬಿಗಿತಕ್ಕೆ ತರಬಾರದು. ಕಾರು ತನ್ನ ಭಾರದಲ್ಲಿ ನಿಂತ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಸೀಳುತ್ತದೆ. ನನ್ನ ಕಾರಿಗೆ ಒಂದು ಗ್ಯಾರೇಜಿನಲ್ಲಿ ಲಿಫ್ಟಿನ ಮೇಲೆಯೇ ಎಲ್ಲವನ್ನೂ ಬಿಗಿದುಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ ಲೋವರ್ ಆರ್ಮ್, ಅಂದರೆ ಚಕ್ರವನ್ನು ಕೆಳಗಿನಿಂದ ಕಾರಿನ ದೇಹಕ್ಕೆ ಜೋಡಿಸುವ ತೋಳಿನ, ಬುಷ್‌ಗಳು ಹರಿದವು. ಅಂದಿನಿಂದ ಈ ಒಂದು ಮಾತನ್ನು ಎಲ್ಲರಿಗೂ ಒತ್ತಿ ಹೇಳುತ್ತಿದ್ದೇನೆ.

ಲೋವರ್ ಆರ್ಮ್ ಕಡೆಗೂ ಬಗ್ಗಿ ನೋಡಿ. ಅದರ ಚಕ್ರದ ಕಡೆಯ ತುದಿ ಒಳತುದಿಗಿಂತ ಎತ್ತರಕ್ಕೆ ಹೋಗಿದ್ದರೆ ತಗ್ಗಿಸಿದ್ದು ಅತಿಯಾಗಿದೆ. ಸ್ಟ್ರಟ್ ಇರುವ ಕಾರಿನಲ್ಲಿ, ದೇಹ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ತೂಕದ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಹಾಗಾದಾಗ ತಿರುವಿನಲ್ಲಿ ಕಾರನ್ನು ವಾಲಿಸುವ ಬಲಕ್ಕೆ ಉದ್ದನೆಯ ಸನ್ನೆ ಸಿಕ್ಕಂತಾಗಿ, ಇಳಿಸಿದ್ದರ ಲಾಭವೇ ಕರಗುತ್ತದೆ.

ವೀಲ್ ಅಲೈನ್‌ಮೆಂಟ್ ಆ ದಿನವೇ ಒಮ್ಮೆ, ಸ್ಪ್ರಿಂಗ್‌ಗಳು ಕೂತುಕೊಂಡ ಮೇಲೆ, ಅಂದರೆ ಕೆಲವು ನೂರು ಕಿಲೋಮೀಟರ್ ಓಡಿದ ಬಳಿಕ, ಮತ್ತೊಮ್ಮೆ ಮಾಡಿಸಿ. ತಗ್ಗಿಸಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೋ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಕೂಡ ತಪ್ಪುತ್ತದೆ. ಟೈರಿನ ಒಳಅಂಚು ಸವೆದರೆ ಎಲ್ಲರೂ ವಾಲಿಕೆಯನ್ನೇ ದೂರುತ್ತಾರೆ. ಹೆಚ್ಚು ತಿನ್ನುವುದು ತಪ್ಪಿದ ಟೋ. ಹೆಡ್‌ಲೈಟ್ ಬೆಳಕಿನ ಎತ್ತರ ಸರಿಪಡಿಸಿ. ಕ್ಯಾಮೆರಾ, ರೇಡಾರ್ ನೆರವಿನ ಸೌಲಭ್ಯಗಳಿದ್ದರೆ ಅವುಗಳನ್ನು ಮತ್ತೆ ಹೊಂದಿಸಬೇಕೇ ಎಂದು ಕೈಪಿಡಿಯಲ್ಲಿ ನೋಡಿ.

ಬಳಿಕ ಕಾರಿನಲ್ಲಿ ಪೂರ್ತಿ ಜನರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸುತ್ತ ನಿಧಾನವಾಗಿ ಓಡಿಸಿ, ಟೈರ್ ಎಲ್ಲಾದರೂ ಉಜ್ಜಿದ ಗುರುತಿದೆಯೇ ಹುಡುಕಿ. ನಾಲ್ಕೂ ಚಕ್ರಗಳ ಅಳತೆಯನ್ನು ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಶಾಕ್ ಅಬ್ಸಾರ್ಬರಿನ ದಂಡಕ್ಕೆ ಆ ಪ್ಲಾಸ್ಟಿಕ್ ಟೈ ಮತ್ತೆ ಕಟ್ಟಿ ಒಂದು ವಾರ ಓಡಿಸಿ. ಅದು ಪ್ರತಿ ಬಾರಿಯೂ ಬಂಪ್ ಸ್ಟಾಪಿಗೆ ಒತ್ತಿಕೊಂಡೇ ನಿಂತಿದ್ದರೆ ಈ ಸ್ಪ್ರಿಂಗ್ ನಿಮ್ಮ ರಸ್ತೆಗೆ ತೀರಾ ಗಿಡ್ಡ. ಇನ್ನು 10 ಮಿ.ಮೀ. ಎತ್ತರ ಕೊಡುವ ಜೋಡಿ ಸಿಗುವವರೆಗೆ ಮೂಲ ಸ್ಪ್ರಿಂಗ್‌ಗಳನ್ನೇ ಹಾಕಿಕೊಳ್ಳಿ. ಅದಕ್ಕಾಗಿಯೇ ಅವುಗಳಿಗೆ ಎಡ, ಬಲ, ಹಿಂದೆ, ಮುಂದೆ ಎಂದು ಚೀಟಿ ಅಂಟಿಸಿ ತೆಗೆದಿಟ್ಟಿರಬೇಕು.