ಕೆಂಪು ಬಸ್ಸಿನ ಹಾಲುಬಾಯಿ: ಮಾವನವರ ನಿವೃತ್ತಿಯನ್ನು ನಾವು ಮನೆಯಲ್ಲೇ ಆಚರಿಸಿದ್ದು

ಮನೆಯಲ್ಲಿ ಏನಾದರೂ ಕಾರ್ಯಕ್ರಮ ಅಂದರೆ ನಾನು ಮೊದಲು ಯೋಚಿಸುವುದು ಯಾವ ಸಿಹಿ ಮಾಡೋಣ ಅಂತ. ಥೀಮ್ ಆಮೇಲೆ. ಸುಮಾರು ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಬಣ್ಣ ಆರಿಸುತ್ತಾರೆ. ಆ ಬಣ್ಣದ ಬಲೂನು, ಬ್ಯಾನರ್, ಪೇಪರ್ ತಟ್ಟೆ ಎಲ್ಲ ಬರುತ್ತದೆ. ಅರ್ಧ ದುಡ್ಡು ಅಲ್ಲೇ ಖಾಲಿ. ಉಳಿದಿದ್ದರಲ್ಲಿ ಬೇಕರಿಯಿಂದ ಒಂದು ಕೇಕ್. ಬಂದವರಿಗೆ ಎರಡೆರಡು ತುತ್ತು ಸಿಕ್ಕರೆ ಹೆಚ್ಚು. ಸಂಜೆ ಹೊತ್ತಿಗೆ ಬಲೂನೆಲ್ಲ ಕಸಕ್ಕೆ ಹೋಗಿರುತ್ತದೆ.

ಕಾರ್ಯಕ್ರಮದ ಹೊತ್ತಿಗೆ ಮನೆಯಲ್ಲಿ ಏನಿದೆ, ಯಾರ ತೋಟದಿಂದ ಏನು ಬರುತ್ತದೆ ಅಂತ ನಾನು ಮೊದಲು ನೋಡುತ್ತೇನೆ. ಅದರಲ್ಲಿ ಯಾವ ಸಿಹಿ ಆಗುತ್ತದೆ ಅಂತ ತೀರ್ಮಾನ ಆದರೆ ಥೀಮ್ ತಾನಾಗಿ ಹೊಳೆಯುತ್ತದೆ. ಹಾಸನದಲ್ಲಿ ಇರುವವರಿಗೆ ಇದು ಇನ್ನೂ ಸುಲಭ. ನಮ್ಮೂರು ಮಲೆನಾಡಿಗೂ ಬಯಲುಸೀಮೆಗೂ ಮಧ್ಯದಲ್ಲಿದೆ. ಒಂದು ಕಡೆ ಸುಮಾರು 40 ಕಿಲೋಮೀಟರ್ ಹೋದರೆ ಸಕಲೇಶಪುರ. ಕಾಫಿ, ಏಲಕ್ಕಿ, ಮೆಣಸು ಎಲ್ಲ ಅಲ್ಲಿದೆ. ಇನ್ನೊಂದು ಕಡೆ ಹೆಚ್ಚುಕಮ್ಮಿ ಅಷ್ಟೇ ದೂರಕ್ಕೆ ಅರಸೀಕೆರೆ. ಅಲ್ಲಿ ಎಲ್ಲಿ ನೋಡಿದರೂ ತೆಂಗು. ಹಾಸನದ ಸುತ್ತಮುತ್ತ ಆಲೂಗಡ್ಡೆ. ನನ್ನ ತವರು ಅರಸೀಕೆರೆ ಕಡೆ, ಚಿಕ್ಕಮ್ಮನ ಮನೆ ಸಕಲೇಶಪುರದ ಹತ್ತಿರ. ಹಾಗಾಗಿ ತೆಂಗಿನಕಾಯಿಗೂ ಕಾಫಿಪುಡಿಗೂ ನಾನು ಅಂಗಡಿಗೆ ಹೋಗುವುದೇ ಕಡಿಮೆ.

ಹೀಗೆ ಮಾಡಿದ್ದರಲ್ಲಿ ನನಗೆ ತುಂಬ ತೃಪ್ತಿ ಕೊಟ್ಟಿದ್ದು ಮಾವನವರ ನಿವೃತ್ತಿ ದಿನ. ಅವರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದರು. ಆಗಸ್ಟ್ ಕೊನೆಗೆ 60 ತುಂಬಿ ನಿವೃತ್ತಿ. "ಛತ್ರ ಗಿತ್ರ ಏನೂ ಬೇಡಮ್ಮ, ಮನೆಯವರೇ ಕೂತು ಊಟ ಮಾಡೋಣ" ಅಂದಿದ್ದರು. ಮನೆಯವರೇ ಅಂದರೂ ನಮ್ಮಲ್ಲಿ 40 ಜನ ಆಗುತ್ತಾರೆ. ಊಟವನ್ನು ಹಂಚಿಕೊಂಡೆವು. ನಾದಿನಿ ಪಲಾವ್ ತಂದಳು, ವಾರಗಿತ್ತಿ ಕೋಸಂಬರಿ, ಪಲ್ಯ. ಅನ್ನ ಸಾರು ನಮ್ಮದು. ಸಿಹಿ ಮತ್ತು ಅಲಂಕಾರ ಎರಡಕ್ಕೂ ಸೇರಿ ನಾನು ಇಟ್ಟುಕೊಂಡಿದ್ದು 2000 ರೂಪಾಯಿ.

ಅದು ಆಲೂಗಡ್ಡೆ ಕೀಳುವ ಕಾಲ. ಮಾರುಕಟ್ಟೆಯಲ್ಲಿ ಆಲೂಗಡ್ಡೆ ಅಗ್ಗ. ತವರಿಂದ ಒಂದು ಚೀಲ ತೆಂಗಿನಕಾಯಿ ಬಂದಿತ್ತು. ಚಿಕ್ಕಮ್ಮ ಕಾಫಿಪುಡಿ, ಏಲಕ್ಕಿ ಕಳಿಸಿದ್ದರು. ಇವೆಲ್ಲ ಅಡುಗೆಮನೆಯಲ್ಲಿ ಒಟ್ಟಿಗೆ ಇದ್ದದ್ದನ್ನು ನೋಡಿದಾಗಲೇ ಹೊಳೆದಿದ್ದು. ಇವೆಲ್ಲ ಮಾವ ಇಷ್ಟು ವರ್ಷ ಟಿಕೆಟ್ ಕೊಟ್ಟ ದಾರಿಯ ಊರುಗಳೇ ಅಲ್ವಾ? ಅರಸೀಕೆರೆ, ಹಾಸನ, ಬೇಲೂರು, ಸಕಲೇಶಪುರ. ನಾಲ್ಕು ಸ್ಟಾಪು, ನಾಲ್ಕು ಸಿಹಿ. ಕತ್ತರಿಸುವುದಕ್ಕೆ ಮಧ್ಯದಲ್ಲಿ ಒಂದು ಕೆಂಪು ಬಸ್ಸು. ಇನ್ನು ಥೀಮ್ ಹುಡುಕುವ ಕೆಲಸವೇ ಉಳಿಯಲಿಲ್ಲ.

ಅರಸೀಕೆರೆ ಸ್ಟಾಪಿಗೆ ಕೊಬ್ಬರಿ ಮಿಠಾಯಿ. ಇದನ್ನು ಎಲ್ಲರೂ ಮಾಡುತ್ತಾರೆ, ವಿವರ ಬೇಕಿಲ್ಲ. ಒಂದು ಉಳಿತಾಯ ಮಾತ್ರ ಹೇಳುತ್ತೇನೆ. ಬೇರೆ ಸಿಹಿಗೆ ಕಾಯಿಹಾಲು ಹಿಂಡಿದ ಮೇಲೆ ತುರಿ ಉಳಿಯುತ್ತದಲ್ಲ, ಅದನ್ನು ಎಸೆಯಬೇಡಿ. ಅಷ್ಟೇ ಪ್ರಮಾಣದ ಹೊಸ ತುರಿ ಬೆರೆಸಿ, ಒಂದು ಲೋಟ ಹಾಲು ಹಾಕಿ ಕೆದಕಿದರೆ ಮಿಠಾಯಿ ಚೆನ್ನಾಗಿಯೇ ಬರುತ್ತದೆ. ಬರೀ ಹಿಂಡಿದ ತುರಿಯಲ್ಲಿ ಮಾಡಿದರೆ ನಾರು ನಾರಾಗಿರುತ್ತದೆ. ಅರ್ಧಕ್ಕರ್ಧ ಇರಲಿ.

ಹಾಸನಕ್ಕೆ ಆಲೂಗಡ್ಡೆ ಹಲ್ವಾ. ಆಲೂಗಡ್ಡೆಯಲ್ಲಿ ಸಿಹಿ ಅಂದರೆ ಮೊದಮೊದಲು ಎಲ್ಲರೂ ಮುಖ ಮುಖ ನೋಡುತ್ತಾರೆ. ತಿಂದ ಮೇಲೆ ಇನ್ನೊಂದು ಚಮಚ ಕೇಳುತ್ತಾರೆ. ಬೇಯಿಸಿ, ಸಿಪ್ಪೆ ತೆಗೆದು, ಬಿಸಿ ಇರುವಾಗಲೇ ತುರಿಯುವ ಮಣೆಯಲ್ಲಿ ತುರಿದುಕೊಳ್ಳಬೇಕು. ಮಿಕ್ಸಿಗೆ ಮಾತ್ರ ಹಾಕಲೇಬೇಡಿ. ಮಿಕ್ಸಿಯಲ್ಲಿ ಆಲೂಗಡ್ಡೆಯ ಪಿಷ್ಟವೆಲ್ಲ ಹೊರಗೆ ಬಂದು ಅಂಟು ಅಂಟಾಗುತ್ತದೆ, ಆಮೇಲೆ ಏನು ಮಾಡಿದರೂ ಹಲ್ವಾ ಆಗುವುದಿಲ್ಲ. ಅರ್ಧ ಕಿಲೋಗೆ ನಾಲ್ಕು ಚಮಚ ತುಪ್ಪ. ಸಣ್ಣ ಉರಿಯಲ್ಲಿ 10 ನಿಮಿಷ ಹುರಿದರೆ ಆಲೂಗಡ್ಡೆಯ ವಾಸನೆ ಹೋಗಿ ತುಪ್ಪದ ಘಮ ಬರುತ್ತದೆ. ಸಕ್ಕರೆ ಹಾಕುವುದು ಆಗ, ಅದಕ್ಕೂ ಮುಂಚೆ ಅಲ್ಲ. 200 ಗ್ರಾಂ ಸಾಕು. ಗೋಡಂಬಿ ದುಬಾರಿ ಅಂತ ನಾನು ಕಡಲೆಬೀಜ ಹುರಿದು, ಒಡೆದು ಹಾಕಿದೆ. ಏಲಕ್ಕಿ ಧಾರಾಳವಾಗಿ ಹಾಕಿ. ತುಪ್ಪ, ಏಲಕ್ಕಿ ಇವೆರಡರಲ್ಲಿ ಜುಗ್ಗತನ ಮಾಡಬಾರದು. ಬೇಕಾದರೆ ಒಬ್ಬೊಬ್ಬರಿಗೆ ಬಡಿಸುವುದು ಕಡಿಮೆ ಮಾಡಿ, ಡಾಲ್ಡಾ ಹಾಕಿ ಜಾಸ್ತಿ ಮಾಡಬೇಡಿ.

ಬೇಲೂರು ಸ್ಟಾಪು ಅತ್ತೆಯದು. ಅವರ ತವರು ಬೇಲೂರಿನ ಹತ್ತಿರದ ಹಳ್ಳಿ. ಮದುವೆಯೂ ಅಲ್ಲೇ ಆಗಿತ್ತು. "ಆ ಕಡೆಯದು ಅಂದರೆ ಒತ್ತು ಶಾವಿಗೆ, ಕಾಯಿಹಾಲು. ಬೇರೇನೂ ಬೇಡ" ಅಂದರು. ಒತ್ತು ಶಾವಿಗೆ ಒಬ್ಬರಿಂದ ಆಗುವ ಕೆಲಸವಲ್ಲ. ಅಕ್ಕಿ ನೆನೆಸಿ, ರುಬ್ಬಿ, ಹಿಟ್ಟು ಕಾಯಿಸಿ, ಉಂಡೆ ಕಟ್ಟಿ ಬೇಯಿಸಿ, ಬಿಸಿ ಆರುವ ಮುಂಚೆ ಒತ್ತಬೇಕು. ಆರಿದರೆ ಶಾವಿಗೆ ಒರಳಿನಿಂದ ಇಳಿಯುವುದೇ ಇಲ್ಲ. ಆ ಕೆಲಸವನ್ನು ಮೈದುನಂದಿರಿಗೆ ಬಿಟ್ಟೆ. ಒಬ್ಬರು ಹಿಡಿದುಕೊಳ್ಳುವುದು, ಇನ್ನೊಬ್ಬರು ಒತ್ತುವುದು. ಮಕ್ಕಳು ಸುತ್ತ ಕೂತು ಎಳೆ ಎಳೆಯಾಗಿ ಇಳಿಯುವುದನ್ನು ನೋಡುತ್ತಿದ್ದವು. ಮನೋರಂಜನೆಗೆ ಅಂತ ಬೇರೆ ಏನೂ ಏರ್ಪಾಡು ಮಾಡಬೇಕಾಗಲಿಲ್ಲ. ಕಾಯಿಹಾಲಿಗೆ ಗಸಗಸೆ, ಏಲಕ್ಕಿ, ಬೆಲ್ಲ. ಕಾಯಿಹಾಲನ್ನು ಅವತ್ತು ಬೆಳಿಗ್ಗೆಯೇ ಹಿಂಡಬೇಕು. ಹಿಂದಿನ ರಾತ್ರಿ ಹಿಂಡಿ ಹೊರಗಿಟ್ಟರೆ ಹುಳಿಯಾಗುತ್ತದೆ.

ಸಕಲೇಶಪುರಕ್ಕೆ ಕಾಫಿ ಜೆಲ್ಲಿ. ಮಕ್ಕಳಿಗೆ, ಕಾಲೇಜಿಗೆ ಹೋಗುವವರಿಗೆ ಇದೇ ಇಷ್ಟವಾಯಿತು. ಇದಕ್ಕೆ ಬೇಕಾದ್ದು ಚೈನಾ ಗ್ರಾಸ್. ಜೆಲ್ಲಿ ಗಟ್ಟಿಯಾಗಲು ಹಾಕುವ ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ಮಾಂಸ ಮುಟ್ಟದ ಹಿರಿಯರು ಇದ್ದ ಮನೆಯಲ್ಲಿ ಅದನ್ನು ಬಳಸುವುದು ಸರಿಯಲ್ಲ. ಚೈನಾ ಗ್ರಾಸ್ ಕಡಲ ಪಾಚಿಯಿಂದ ಆಗುವುದು. ಇನ್ನೊಂದು ಅನುಕೂಲ ಅಂದರೆ ಫ್ರಿಜ್ ಬೇಕೇ ಬೇಕು ಅಂತಿಲ್ಲ. ಸುಮಾರು 35ರಿಂದ 40 ಡಿಗ್ರಿಗೆ ಇಳಿದರೆ ತಾನೇ ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದರೆ 85 ಡಿಗ್ರಿ ಹತ್ತಿರ ಕಾಯಿಸುವ ತನಕ ಕರಗುವುದಿಲ್ಲ. ಅಂಗಳದಲ್ಲಿ ಇಟ್ಟರೂ ನೀರಾಗುವ ಭಯವಿಲ್ಲ.

ಮಾಡುವುದು ಹೀಗೆ. 10 ಗ್ರಾಂ ಚೈನಾ ಗ್ರಾಸ್ ಸಣ್ಣಗೆ ಕತ್ತರಿಸಿ ತಣ್ಣೀರಲ್ಲಿ ಕಾಲು ಗಂಟೆ ನೆನೆಸಿ. ಆಮೇಲೆ ಮುಕ್ಕಾಲು ಲೀಟರ್ ನೀರಲ್ಲಿ ಕುದಿಸಿ. ಒಂದು ಎಳೆಯೂ ಕಾಣದ ಹಾಗೆ ಕರಗಬೇಕು. ಸಕ್ಕರೆ ಹಾಕಿ. ಫಿಲ್ಟರ್‌ನಲ್ಲಿ ರಾತ್ರಿಯೇ ಇಳಿಸಿಟ್ಟ ಗಟ್ಟಿ ಡಿಕಾಕ್ಷನ್ ಒಂದು ದೊಡ್ಡ ಲೋಟ ಸೇರಿಸಿ. ಡಿಕಾಕ್ಷನ್ ಬೆಚ್ಚಗಿರಲಿ. ತಣ್ಣಗಿದ್ದರೆ ಸುರಿದ ಕಡೆಯೇ ಗಂಟು ಗಂಟಾಗಿ ಹೆಪ್ಪುಗಟ್ಟುತ್ತದೆ. ಸೋಸಿ ತಟ್ಟೆಗೆ ಹಾಕಿ, ಆರಿದ ಮೇಲೆ ಚೌಕ ಚೌಕವಾಗಿ ಕತ್ತರಿಸಿ, ಚಿಕ್ಕ ಲೋಟದಲ್ಲಿ ಹಾಕಿ ಮೇಲೆ ಅದೇ ಬೆಲ್ಲದ ಕಾಯಿಹಾಲು ಸುರಿದರೆ ಆಯಿತು. ಕಪ್ಪು ಚೌಕ, ತಿಳಿ ಬಣ್ಣದ ಹಾಲು, ನೋಡುವುದಕ್ಕೇ ಚೆಂದ. ಶಾವಿಗೆಗೂ ಇದಕ್ಕೂ ಒಂದೇ ಕಾಯಿಹಾಲು, ಹಾಗಾಗಿ ಕೆಲಸವೂ ಅರ್ಧ.

ಇನ್ನು ಬಸ್ಸು. ಮೊಮ್ಮಕ್ಕಳಿಗೆ ತಾತ ಏನಾದರೂ ಕತ್ತರಿಸಲೇಬೇಕು. ನಮ್ಮ ಮನೆಯಲ್ಲಿ ಓವನ್ ಇಲ್ಲ. ಹಾಲುಬಾಯಿಯಲ್ಲಿ ಮಾಡಿದರೆ ಓವನ್ ಯಾಕೆ ಬೇಕು? ಹಾಲುಬಾಯಿಯನ್ನು ಯಾವ ಆಕಾರಕ್ಕೆ ಬೇಕಾದರೂ ಕತ್ತರಿಸಬಹುದು, ಪುಡಿಯಾಗುವುದಿಲ್ಲ. ಅದೇ ಅದರ ದೊಡ್ಡ ಗುಣ. ಅಳತೆ ಸುಲಭ: ಒಂದು ಲೋಟ ಅಕ್ಕಿ ನಾಲ್ಕು ಗಂಟೆ ನೆನೆಸಿ, ಒಂದು ಲೋಟ ಕಾಯಿತುರಿ ಹಾಕಿ ಗಂಧದ ಹಾಗೆ ನುಣ್ಣಗೆ ರುಬ್ಬಿ. ನೀರು ಎಲ್ಲ ಸೇರಿ ಮೂರು ಲೋಟ. ಬೆಲ್ಲ ಅಥವಾ ಸಕ್ಕರೆ ಒಂದೂವರೆ ಲೋಟ.

ನನಗೆ ಮೂರು ಬಣ್ಣ ಬೇಕಿತ್ತು. ಚಕ್ರಕ್ಕೆ ಕಪ್ಪು, ಕಿಟಕಿಗೆ ಬಿಳಿ, ಬಸ್ಸಿಗೆ ಕೆಂಪು. ಕಪ್ಪಿಗೆ ರಾಗಿ ಹಾಲುಬಾಯಿ. ನೆನೆಸಿದ ರಾಗಿ ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆದು, ಅಚ್ಚು ಬೆಲ್ಲ ಹಾಕಿ ಕೆದಕಿದರೆ ಚಾಕೊಲೇಟ್ ಬಣ್ಣವೇ ಬರುತ್ತದೆ. ಬಿಳಿಗೆ ಅಕ್ಕಿ ಹಾಲುಬಾಯಿ, ಬೆಲ್ಲದ ಬದಲು ಸಕ್ಕರೆ. ಕೆಂಪಿಗೂ ಅದೇ, ಬೀಟ್‌ರೂಟ್ ರಸ ಬೆರೆಸಿ. ಬೀಟ್‌ರೂಟ್ ಬಣ್ಣ ಜಾಸ್ತಿ ಹೊತ್ತು ಕಾಯಿಸಿದರೆ ಕಂದಾಗಿಬಿಡುತ್ತದೆ. ಅದಕ್ಕೇ ರಸವನ್ನು ಕೊನೆಗೆ, ಇಳಿಸುವುದಕ್ಕೆ ಐದು ನಿಮಿಷ ಇದೆ ಅನ್ನುವಾಗ ಹಾಕಿದೆ. ಜೊತೆಗೆ ಎರಡು ಹನಿ ನಿಂಬೆರಸ. ಬಣ್ಣ ಉಳಿಯುವುದಕ್ಕೆ ಹುಳಿ ಸಹಾಯ ಮಾಡುತ್ತದೆ.

ಕೆದಕುವುದೇ ಇದರಲ್ಲಿ ಇರುವ ಕೆಲಸ. ದಪ್ಪ ತಳದ ಬಾಣಲೆ, ಸಣ್ಣ ಉರಿ, ಕೈ ನಿಲ್ಲಿಸಬಾರದು. ಮೊದಲು ನೀರು ನೀರಾಗಿರುತ್ತದೆ. ಇದ್ದಕ್ಕಿದ್ದ ಹಾಗೆ ಗಂಟು ಕಟ್ಟಲು ಶುರುವಾಗುತ್ತದೆ. ಆಗ ಗಾಬರಿ ಬೇಡ, ಜೋರಾಗಿ ಕೆದಕಿ, ಎಲ್ಲ ಒಂದಾಗುತ್ತದೆ. ಚಮಚ ಚಮಚ ತುಪ್ಪ ಹಾಕುತ್ತಾ ಹೋದರೆ ಬಾಣಲೆಯ ಅಂಚು ಬಿಡುತ್ತದೆ, ಮೇಲೆ ಹೊಳಪು ಬರುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು. ಅಷ್ಟಾದರೆ ತುಪ್ಪ ಸವರಿದ ತಟ್ಟೆಗೆ ಸುರಿದು ಲೋಟದ ತಳದಲ್ಲಿ ಸಮ ಮಾಡಿ.

ಕೆಂಪನ್ನು ಉದ್ದನೆಯ ಸ್ಟೀಲ್ ಟ್ರೇಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿದ್ದೆ. ಬೆಳಿಗ್ಗೆ ಅದನ್ನು ಬಾಳೆ ಎಲೆಯ ಮೇಲೆ ಬೋರಲು ಹಾಕಿದೆವು. ಮುಂಭಾಗಕ್ಕೆ ಒಂದು ಮೂಲೆ ಸ್ವಲ್ಪ ಓರೆಯಾಗಿ ಕತ್ತರಿಸಿದೆ. ಬಿಳಿಯದರಲ್ಲಿ ಸಾಲಾಗಿ ಕಿಟಕಿ. ರಾಗಿಯದನ್ನು ಚಿಕ್ಕ ಲೋಟದ ಬಾಯಿಯಿಂದ ಒತ್ತಿ ಗುಂಡಗೆ ತೆಗೆದು ಚಕ್ರ. ಬೋರ್ಡಿಗೆ ಒಂದು ಪಟ್ಟಿ ಬಿಳಿ ಹಾಲುಬಾಯಿ, ಅದರ ಮೇಲೆ ನನ್ನ ಮಗಳು ಲವಂಗ ಜೋಡಿಸಿ "ಹಾಸನ" ಅಂತ ಬರೆದಳು. ಬಣ್ಣ ಅಂಗಡಿ ಕೇಕಿನಷ್ಟು ಕಣ್ಣು ಕುಕ್ಕುವುದಿಲ್ಲ, ಗುಲಾಬಿ ಕೆಂಪು. ಆದರೆ ನೋಡಿದವರು ಯಾರೂ ಇದೇನು ಅಂತ ಕೇಳಲಿಲ್ಲ. ಬಾಗಿಲಲ್ಲೇ "ಓ, ಕೆಂಪು ಬಸ್ಸು!" ಅಂದರು.

ಅಲಂಕಾರಕ್ಕೆ ಖರ್ಚಾಗಿದ್ದು ಚಾರ್ಟ್ ಪೇಪರ್, ಸ್ಕೆಚ್ ಪೆನ್ ಅಷ್ಟೇ. ಆಮಂತ್ರಣವನ್ನು ಟಿಕೆಟ್ ಅಳತೆಗೆ ಕತ್ತರಿಸಿ, ಹಳೇ ಕಾಲದ ಟಿಕೆಟಿನ ಹಾಗೆ ತೂತು ಹೊಡೆದಿದ್ದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ ಅಲ್ವಾ, ಹಾಗಾಗಿ ಹೆಂಗಸರ ಟಿಕೆಟ್ ಮೇಲೆಲ್ಲ "ದರ: ಶೂನ್ಯ" ಅಂತ ಬರೆದೆವು. ಗಂಡಸರ ಟಿಕೆಟ್ ಮೇಲೆ "ದರ: ಒಂದು ಹಾಡು". ಅತ್ತೆಯ ತಂಗಿಯರು ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು! ನಡುಮನೆಯಲ್ಲಿ ಕುರ್ಚಿಗಳನ್ನು ಒಂದು ಕಡೆ ಎರಡು, ಇನ್ನೊಂದು ಕಡೆ ಮೂರು ಅಂತ ಸಾಲು ಹಾಕಿ ಮಧ್ಯ ದಾರಿ ಬಿಟ್ಟಿದ್ದೆವು. ಮುಂದಿನ ಸಾಲಿಗೆ "ಮಹಿಳೆಯರಿಗೆ ಮಾತ್ರ" ಬೋರ್ಡು. ಸಿಹಿ ಇಟ್ಟ ನಾಲ್ಕು ಮೂಲೆಗೂ ಊರಿನ ಹೆಸರಿನ ಫಲಕ. ತಟ್ಟೆ ಬದಲು ಬಾಳೆ ಎಲೆ ತುಂಡು.

ಮಾವ ಮೊದಲು ಸುಮ್ನೆ ನಿಂತು ನೋಡುತ್ತಿದ್ದರು. ಮೊಮ್ಮಗ ಹೋಗಿ ಅವರ ವಿಷಲ್ ತಂದು ಕೊಟ್ಟ. ಅಲ್ಲಿಂದ ಕಾರ್ಯಕ್ರಮ ನನ್ನ ಕೈ ತಪ್ಪಿ ಅವರ ಕೈಗೆ ಹೋಯಿತು. ವಿಷಲ್ ಊದಿ "ಅರಸೀಕೆರೆ ಯಾರ್ರೀ, ಇಳ್ಕೊಳ್ಳಿ" ಅಂದರೆ ಎಲ್ಲರೂ ಕೊಬ್ಬರಿ ಮಿಠಾಯಿ ಮೂಲೆಗೆ. ಅಲ್ಲಿ ಎಲ್ಲರ ಕೈಗೂ ಸಿಹಿ ಬಂದ ಮೇಲೆ "ರೈಟ್, ರೈಟ್", ಮುಂದಿನ ಊರು. ಪ್ರತಿ ಸ್ಟಾಪಿನಲ್ಲೂ ಆ ದಾರಿಯ ಒಂದು ಕಥೆ ಹೇಳಿದರು. ಮಳೆಗಾಲದಲ್ಲಿ ಸಕಲೇಶಪುರದ ದಾರಿಯಲ್ಲಿ ಮರ ಬಿದ್ದು ರಾತ್ರಿಯೆಲ್ಲ ಬಸ್ಸಿನಲ್ಲೇ ಕಳೆದದ್ದು, ಚಿಲ್ಲರೆಗೆ ಬದಲು ಒಬ್ಬರು ಕೋಳಿಮರಿ ಕೊಡುತ್ತೇನೆ ಅಂದದ್ದು. ಅತ್ತೆಗೂ ಗೊತ್ತಿಲ್ಲದ ಕಥೆಗಳು ಹೊರಗೆ ಬಂದವು. ಇದನ್ನು ದುಡ್ಡು ಕೊಟ್ಟು ಏರ್ಪಾಡು ಮಾಡುವುದಕ್ಕೆ ಆಗುವುದಿಲ್ಲ. ಥೀಮ್ ಅನ್ನುವುದು ಆ ವ್ಯಕ್ತಿಯ ಬದುಕಿನಿಂದಲೇ ಬಂದರೆ ಅವರೇ ಅದನ್ನು ನಡೆಸಿಕೊಂಡು ಹೋಗುತ್ತಾರೆ.

ಕೆಲಸದ ಕ್ರಮ ಕೇಳುವವರಿಗೆ ಒಂದು ಮಾತು. ಹಿಂದಿನ ದಿನ ಸಂಜೆ ಮೂರೂ ಹಾಲುಬಾಯಿ, ಮಲಗುವ ಮುಂಚೆ ಡಿಕಾಕ್ಷನ್. ಆಲೂಗಡ್ಡೆ ಬೇಯಿಸುವುದು, ಜೆಲ್ಲಿ, ಕಾಯಿಹಾಲು, ಹಿಂಡಿದ ತುರಿಯಲ್ಲಿ ಮಿಠಾಯಿ, ಶಾವಿಗೆ ಅವತ್ತು ಬೆಳಿಗ್ಗೆ. ನಾಲ್ಕು ಸಿಹಿ ಜಾಸ್ತಿ ಅನ್ನಿಸಿದರೆ ಹಲ್ವಾ ಬಿಡಿ, ಜೆಲ್ಲಿ ಬಿಡಬೇಡಿ. ಕಡಿಮೆ ಖರ್ಚಿನಲ್ಲಿ ಜಾಸ್ತಿ ಜನಕ್ಕೆ ಆಗುವುದು ಅದೇ.

ದೀಪಾವಳಿ ಸಮಯದಲ್ಲಿ ಹಾಸನಾಂಬೆ ದೇವಸ್ಥಾನದ ಬಾಗಿಲು ತೆಗೆದಾಗ ನಮ್ಮ ಮನೆಗೆ ನೆಂಟರು ತಂಡ ತಂಡವಾಗಿ ಬರುತ್ತಾರೆ. ವರ್ಷಕ್ಕೊಮ್ಮೆ ಸಿಗುವ ದರ್ಶನ, ಸರದಿಯಲ್ಲಿ ಗಂಟೆಗಟ್ಟಲೆ ನಿಂತು ಸುಸ್ತಾಗಿರುತ್ತಾರೆ. ಆಗಲೂ ನಾನು ಇದೇ ಜೆಲ್ಲಿಯನ್ನು ದೊಡ್ಡ ತಟ್ಟೆಗಳಲ್ಲಿ ಮಾಡಿಟ್ಟಿರುತ್ತೇನೆ. ದೊಡ್ಡವರಿಗೆ ಕಾಫಿಯದು. ಚಿಕ್ಕ ಮಕ್ಕಳಿಗೆ ಡಿಕಾಕ್ಷನ್ ಬದಲು ಎಳನೀರು, ಒಳಗೆ ಒಂದೊಂದು ದಾಳಿಂಬೆ ಕಾಳು.