ಹೆಂಡ್ತಿ ಆಧಾರ್‌ನಲ್ಲಿ ಹೆಸರು ಬೇರೆ ಇದ್ದು ಮನೆ ಲೋನ್ ಸಬ್ಸಿಡಿ ನಿಂತಿತ್ತು, ಸರಿ ಮಾಡಿಸಿದ್ದು ಹೀಗೆ

ಹುಬ್ಬಳ್ಳೀಲಿ ನಮ್ದು ಮೊದಲನೇ ಮನೆ, ಫ್ಲಾಟ್ 28 ಲಕ್ಷ, ಲೋನ್ 20 ಲಕ್ಷ, ಇಬ್ಬರ ಹೆಸರಲ್ಲೂ ಇದೆ. ಪಿಎಂಎವೈ ಅರ್ಬನ್ 2.0 (ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ಯೋಜನೆ, ನಗರದವರಿಗೆ) ಬಡ್ಡಿ ಸಬ್ಸಿಡಿಗೆ ಹಾಕಿದ್ವಿ, ಅದರಲ್ಲಿ ವರ್ಷದ ಆದಾಯ 9 ಲಕ್ಷದೊಳಗೆ, ಮನೆ ಬೆಲೆ 35 ಲಕ್ಷದೊಳಗೆ, ಲೋನ್ 25 ಲಕ್ಷದೊಳಗೆ ಇರ್ಬೇಕು, ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇರಬಾರದು, ಎಲ್ಲಾ ಸರಿ ಇತ್ತು, ಆದ್ರೂ ಅರ್ಜಿ ಎರಡು ತಿಂಗಳು ಅಲ್ಲೇ ನಿಂತಿತ್ತು.

ಒಂದಿನ ರಾತ್ರಿ ಟೇಬಲ್ ಮೇಲೆ ಕಾಗದ ಎಲ್ಲಾ ಹರಡ್ಕೊಂಡು ಕೂತೆ. ಆಧಾರ್‌ನಲ್ಲಿ ನನ್ನ ಹೆಂಡ್ತಿ ಹೆಸರಿನ ಮುಂದೆ ಅವಳ ಅಪ್ಪನ ಇನಿಶಿಯಲ್, ಸೇಲ್ ಡೀಡ್‌ನಲ್ಲಿ ಅವಳ ಹೆಸರಿನ ಜೊತೆ ನನ್ನ ಹೆಸರು! ಅಷ್ಟೇ. ಮದುವೆ ಸರ್ಟಿಫಿಕೇಟ್ ತಗೊಂಡು ಆಧಾರ್ ಸೆಂಟರ್‌ಗೆ ಹೋಗಿ ತಿದ್ದಿಸಿದ್ವಿ (ಹೆಸರು ಜೀವನದಲ್ಲಿ ಎರಡೇ ಸಲ ಬದಲಾಯಿಸೋಕಾಗೋದು, ಸ್ಪೆಲ್ಲಿಂಗ್ ಸ್ಲಿಪ್‌ನಲ್ಲೇ ಓದಿ ನೋಡಿ), ಆಮೇಲೆ ಬ್ಯಾಂಕಲ್ಲಿ ಹೊಸ ಪ್ರತಿ ಕೊಟ್ಟು ಸ್ವೀಕೃತಿ ಬರೆಸ್ಕೊಂಡೆ, ಮೂರು ವಾರಕ್ಕೆ ಓಕೆ ಆಯ್ತು.

ಸಬ್ಸಿಡಿ ಅಂದ್ರೆ ಲೋನಿನ ಮೊದಲ 8 ಲಕ್ಷಕ್ಕೆ 4 ಪರ್ಸೆಂಟ್ ಬಡ್ಡಿ ಲೆಕ್ಕ, ಹೆಚ್ಚಂದ್ರೆ 1.80 ಲಕ್ಷ, ಅದೂ ಐದು ವರ್ಷದ ಕಂತಲ್ಲಿ ಲೋನ್ ಖಾತೆಗೇ ಬರುತ್ತೆ, ಹಂಗಾಗಿ ಮಧ್ಯದಲ್ಲಿ ಲೋನ್ ಕ್ಲೋಸ್ ಮಾಡಿಬಿಡಬೇಡಿ.