ಮನೆ ಸುತ್ತಲಿನ ಸಣ್ಣ ಹಾವುಗಳ ಊಟ ನೋಡುವುದು ಹೇಗೆ

ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮದು ತೀರ್ಥಹಳ್ಳಿ ಹತ್ತಿರದ ತೋಟದ ಮನೆ. ಕೆಲವು ವರ್ಷಗಳ ಹಿಂದೆ, ಮಳೆ ಹಿಡಿದ ಒಂದು ರಾತ್ರಿ, ಬಚ್ಚಲುಮನೆ ಮೂಲೆಯಲ್ಲಿ ತೋಳ ಹಾವೊಂದು ಸುರುಳಿ ಸುತ್ತಿ ಮಲಗಿತ್ತು. ಕಂದು ಮೈ, ಬಿಳಿ ಪಟ್ಟೆ, ನಡುವಿನಲ್ಲಿ ಅಡಿಕೆಯಷ್ಟು ಉಬ್ಬು. ಹೊರಗೆ ಹೋಗಲಿ ಅಂತ ಪೊರಕೆಯಿಂದ ಮೆಲ್ಲಗೆ ತಳ್ಳಿದೆ. ಅದು ಕುತ್ತಿಗೆ ಹಿಂದೆಮುಂದೆ ಎಳೆದು, ಬಾಯಿ ಅಗಲಿಸಿ, ಒಂದು ಹಲ್ಲಿಯನ್ನು ಇಡಿಯಾಗಿ ಕಕ್ಕಿ ಓಡಿಹೋಯಿತು. ಹಲ್ಲಿಯ ಬಾಲ ಈಗಷ್ಟೇ ಸತ್ತಂತೆ ಇತ್ತು. ತಲೆಯ ಚರ್ಮ ಮಾತ್ರ ಆಗಲೇ ಕರಗಿತ್ತು. ಹಾವು ಸಾಮಾನ್ಯವಾಗಿ ತಲೆಯಿಂದ ನುಂಗುತ್ತದೆ, ಹಾಗಾಗಿ ಜೀರ್ಣವಾಗುವುದೂ ತಲೆಯಿಂದಲೇ ಶುರು.

ಹೊಟ್ಟೆ ಭಾರ ಇಟ್ಟುಕೊಂಡು ಹಾವಿಗೆ ಓಡಲು ಆಗುವುದಿಲ್ಲ. ಹೆದರಿದರೆ ಉಂಡದ್ದನ್ನು ಬಿಟ್ಟು ಓಡುತ್ತದೆ. ಎಷ್ಟೋ ರಾತ್ರಿ ಹುಡುಕಿ ಸಿಕ್ಕ ಊಟ ನನ್ನಿಂದ ಹೋಯಿತು ಅಂತ ಇವತ್ತಿಗೂ ಬೇಜಾರಿದೆ. ಅವತ್ತಿನಿಂದ ಮುಟ್ಟದೆ ನೋಡುವುದನ್ನು ಕಲಿತೆ.

ಹೊಟ್ಟೆ ಉಬ್ಬಿದ ಹಾವು ಕಂಡರೆ ಕನಿಷ್ಠ ಆರೇಳು ಅಡಿ ದೂರ ನಿಲ್ಲಿ. ಟಾರ್ಚಿಗೆ ಕೆಂಪು ಜಿಲೆಟಿನ್ ಹಾಳೆ ಸುತ್ತಿಕೊಳ್ಳಿ. ಫ್ಲ್ಯಾಶ್ ಹಾಕಬೇಡಿ. ನೆಲ ಕುಟ್ಟಿ ನಡೆಯಬೇಡಿ, ಅದುರು ಅದಕ್ಕೆ ತಕ್ಷಣ ಗೊತ್ತಾಗುತ್ತದೆ. ಒಂದು ಮಾತು ಮರೆಯಬಾರದು: ತೋಳ ಹಾವಿಗೆ ವಿಷ ಇಲ್ಲ, ಆದರೆ ನೋಡಲು ಭಾರೀ ವಿಷದ ಕಟ್ಟು ಹಾವಿನ ಹಾಗೇ ಇರುತ್ತದೆ. ತೋಳ ಹಾವಿನ ಪಟ್ಟೆ ಕುತ್ತಿಗೆ ಕಡೆ ಸ್ಪಷ್ಟವಾಗಿದ್ದು ಬಾಲದ ಕಡೆ ಮಸುಕಾಗುತ್ತದೆ, ಕಟ್ಟು ಹಾವಿನದು ಬಾಲದ ತನಕ ಎದ್ದು ಕಾಣುತ್ತದೆ. ಹಾಗಂತ ಟಾರ್ಚ್ ಬೆಳಕಿನಲ್ಲಿ ಈ ಲೆಕ್ಕ ನಂಬಿ ಹತ್ತಿರ ಹೋಗಬೇಡಿ. ಹಾವು ಮಲಗುವ ಕೋಣೆಯಲ್ಲಿದ್ದರೆ ಮಕ್ಕಳನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಹಾವು ಹಿಡಿಯಲು ಗೊತ್ತಿರುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಸಿ. ಯಾವುದೇ ಹಾವು ಕಚ್ಚಿದರೂ ಕಟ್ಟು ಕಟ್ಟುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಗಂಟೆ, ಮಳೆಯೋ ಸೆಖೆಯೋ, ಉಬ್ಬು ಮೈಯಲ್ಲಿ ಎಲ್ಲಿದೆ, ಇಷ್ಟೇ ಬರೆಯುವುದು. ಉಬ್ಬು ದಿನದಿಂದ ದಿನಕ್ಕೆ ಕರಗುವುದನ್ನು ನೋಡಬೇಕೆಂದರೆ ಅದೇ ಹಾವು ಅದೇ ಸಂದಿಯಲ್ಲಿ ಸಿಗಬೇಕು, ಅದೊಂದು ಅದೃಷ್ಟ. ನಮ್ಮ ಕೊಟ್ಟಿಗೆ ಗೋಡೆಯ ಬಿರುಕಿನಲ್ಲಿ ಒಂದು ಹಾವು ನಾಲ್ಕು ದಿನ ಕದಲಲಿಲ್ಲ. ಹಾವಿನ ಮೈಗೆ ಸ್ವಂತ ಬಿಸಿ ಇಲ್ಲ, ಹೊರಗಿನ ಬಿಸಿಯೇ ಅದಕ್ಕೆ ಒಲೆ. ಬೆಚ್ಚಗಿದ್ದರೆ ಬೇಗ ಜೀರ್ಣ, ಚಳಿಯಾದರೆ ನಿಧಾನ. ತೀರಾ ಥಂಡಿಯಾದರೆ ಹೊಟ್ಟೆಯಲ್ಲೇ ಕೊಳೆಯತೊಡಗಿ ಕಕ್ಕಬೇಕಾಗುತ್ತದೆ. ಅದಕ್ಕೇ ಉಂಡ ಹಾವು ಬಿಸಿಲು ಬೀಳುವ ಗೋಡೆಯನ್ನೋ ಬಿಸಿ ಹಿಡಿದ ಕಲ್ಲನ್ನೋ ಹುಡುಕುವುದು. ಅಲ್ಲಿಂದ ಎಬ್ಬಿಸಬೇಡಿ.

ಹಾವು ಹೋದ ಮೇಲೆ ಹಿಕ್ಕೆ ಸಿಕ್ಕರೆ ನಿಜವಾದ ಕಥೆ ಅಲ್ಲಿದೆ. ಕಪ್ಪು ಭಾಗದ ಜೊತೆ ಸುಣ್ಣದಂಥ ಬಿಳಿ ತುಂಡು ಇರುತ್ತದೆ. ಅದು ಯೂರಿಕ್ ಆಮ್ಲ, ನೀರು ಉಳಿಸಲು ಹಾವು ಮೂತ್ರವನ್ನು ಹೀಗೆ ಗಟ್ಟಿ ಮಾಡಿ ಬಿಡುತ್ತದೆ. ಕೈಗವಸು ಹಾಕಿ, ಕಡ್ಡಿಯಿಂದ ಎತ್ತಿ, ತೆಂಗಿನ ಕರಟದಲ್ಲಿ ನೀರು ಹಾಕಿ ಬಿಡಿಸಿ. ಅಡುಗೆಮನೆ ಪಾತ್ರೆ ಬೇಡ. ಆಮೇಲೆ ಸೋಪಿನಲ್ಲಿ ಕೈ ಚೆನ್ನಾಗಿ ತೊಳೆಯಿರಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮೂಳೆ ಹೆಚ್ಚಾಗಿ ಕರಗಿಹೋಗಿರುತ್ತದೆ. ಕೂದಲು, ಉಗುರು, ಹುರುಪೆ ಉಳಿಯುತ್ತವೆ. ಒಮ್ಮೆ ಭೂತಗನ್ನಡಿ ಹಿಡಿದು ನೋಡಿದರೆ ಹೊಳೆಯುವ ಜೀರುಂಡೆ ರೆಕ್ಕೆ! ತೋಳ ಹಾವು ಜೀರುಂಡೆ ತಿನ್ನುತ್ತದಾ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. "ಅಮ್ಮಾ, ಅದು ಹಲ್ಲಿ ತಿಂದಿದ್ದಲ್ವಾ?" ಅಂದಳು ಮಗಳು. ಹೌದಲ್ಲ! ದೀಪದ ಕೆಳಗೆ ಹಲ್ಲಿ ನುಂಗಿದ ಹುಳ, ಹಲ್ಲಿಯ ಜೊತೆ ಹಾವಿನ ಹೊಟ್ಟೆ ಸೇರಿ, ಅಲ್ಲಿಂದಲೂ ದಾಟಿ ಬಂದಿತ್ತು.

ಹುಳಹಾವನ್ನು ನೋಡಲು ಹೂಕುಂಡ ಸಾಕು. ಗೇಣುದ್ದ, ಮಿರಮಿರ ಮಿಂಚುವ ಕಪ್ಪು. ನಮ್ಮ ಅತ್ತೆ ಅದನ್ನು ಎರೆಹುಳ ಅಂತಲೇ ತಿಳಿದಿದ್ದರು. ಎರೆಹುಳಕ್ಕೆ ಮೈಮೇಲೆ ಉಂಗುರ ಇರುತ್ತದೆ, ಇದಕ್ಕಿಲ್ಲ. ಸೂಕ್ಷ್ಮವಾಗಿ ನೋಡಿದರೆ ನಾಲಿಗೆಯೂ ಕಾಣುತ್ತದೆ. ಇರುವೆ ಮತ್ತು ಗೆದ್ದಲಿನ ಮೊಟ್ಟೆ, ಮರಿಗಳೇ ಇದರ ಮುಖ್ಯ ಊಟ. ಹಲ್ಲಿರುವುದು ಮೇಲಿನ ದವಡೆಯಲ್ಲಿ ಮಾತ್ರ, ಅದರಿಂದಲೇ ಬೇಗ ಬೇಗ ಒಳಗೆ ಎಳೆದುಕೊಳ್ಳುತ್ತದೆ. ದೊಡ್ಡ ಗೆದ್ದಲಾದರೆ ಕೆಲವು ಸಲ ನೆಲಕ್ಕೆ ಉಜ್ಜಿ ತಲೆ ಮುರಿದು ಮೈಯನ್ನಷ್ಟೇ ನುಂಗುತ್ತದೆ. ಜಪಾನಿನ ಸಂಶೋಧಕರು 2015ರಲ್ಲಿ ಇದನ್ನು ಪ್ರಕಟಿಸಿದರು. ತಲೆ ಸಮೇತ ನುಂಗಿದರೆ ಆ ತಲೆ ಕರಗದೆ ಹಾಗೇ ಹೊರಬರಬಹುದು. ಹಾಗಾಗಿ ಕುಂಡ ಎತ್ತಿದಾಗ ಬಿಳಿ ಇರುವೆ ಮೊಟ್ಟೆಗಳ ನಡುವೆ ಹುಳಹಾವು ಕಂಡರೆ ಅರ್ಧ ನಿಮಿಷ ನೋಡಿ, ಕುಂಡ ಮೆಲ್ಲಗೆ ಇಟ್ಟುಬಿಡಿ. ಒಣ ನೆಲದ ಮೇಲೆ ಬಿಟ್ಟರೆ ಮೈ ಒಣಗಿ ಸಾಯುತ್ತದೆ. ಬಚ್ಚಲಿಗೆ ಬಂದರೆ ಕಾಗದದ ಮೇಲೆ ಹತ್ತಿಸಿಕೊಂಡು ಒದ್ದೆ ಮಣ್ಣಿಗೆ ಬಿಡಿ. ಉಪ್ಪು, ಬಿಸಿನೀರು ಖಂಡಿತ ಬೇಡ.

ಕುಕ್ರಿ ಹಾವು ನನಗೆ ಎರಡೇ ಸಲ ಸಿಕ್ಕಿದ್ದು. ಬಾಯಿಯ ಹಿಂಭಾಗದ ಹಲ್ಲು ಗೂರ್ಖಾಗಳ ಕುಕ್ರಿ ಕತ್ತಿಯ ಹಾಗೆ ಬಾಗಿದೆ, ಅದಕ್ಕೇ ಆ ಹೆಸರು. ಹಲ್ಲಿ, ಓತಿಕ್ಯಾತಗಳ ಮೊಟ್ಟೆ ಅಂದರೆ ಪ್ರಾಣ. ಇದರ ಥಾಯ್ಲೆಂಡಿನ ನೆಂಟ ಒಂದಿದೆ. ಅದು ನಮ್ಮ ಅಂಗಳದಲ್ಲೂ ಕುಪ್ಪಳಿಸುವ ಅದೇ ಜಾತಿಯ ನೆಲಗಪ್ಪೆಯ ಹೊಟ್ಟೆ ಕೊಯ್ದು, ತಲೆ ಒಳಗೆ ತೂರಿಸಿ, ಕಪ್ಪೆ ಜೀವಂತ ಇರುವಾಗಲೇ ಒಳಗಿನ ಅಂಗಗಳನ್ನು ತಿನ್ನುವುದನ್ನು 2020ರಲ್ಲಿ ದಾಖಲಿಸಿದ್ದಾರೆ. ಕಪ್ಪೆಯ ಕುತ್ತಿಗೆ, ಬೆನ್ನಿನ ಗ್ರಂಥಿಗಳಲ್ಲಿ ವಿಷ ಇರುತ್ತದಲ್ಲ, ಅದರಿಂದ ತಪ್ಪಿಸಿಕೊಳ್ಳುವ ದಾರಿ ಇದಿರಬಹುದು. ಓದಿ ಮೈ ಜುಂ ಅಂದಿತು.

ಇಷ್ಟೆಲ್ಲ ನೋಡಲು ಹಾವನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ತಪ್ಪೂ ಹೌದು. ಹಾಲೂ ಇಡಬೇಡಿ, ಅದು ಹಾವಿನ ಆಹಾರವೇ ಅಲ್ಲ. ತೋಟದ ಮೂಲೆಯಲ್ಲಿ ಒಂದಿಷ್ಟು ದರಗು, ನಾಲ್ಕು ಕಲ್ಲು ಹಾಗೇ ಬಿಡಿ, ಕೆದಕಬೇಡಿ. ಮೊದಲ ಮಳೆ ಬಿದ್ದ ವಾರ, ರಾತ್ರಿ ಎಂಟರ ಮೇಲೆ, ಅಂಗಳದ ದೀಪದಿಂದ ಸ್ವಲ್ಪ ದೂರ ಮಣೆ ಹಾಕಿ ಕೂತುಕೊಳ್ಳಿ. ಹಲ್ಲಿಗಳು ದೀಪದ ಹತ್ತಿರ ಸೇರಲಿ. ಗೋಡೆಯ ಬುಡದ ಮೇಲೆ ಕಣ್ಣಿಡಿ.